ಪೊಲೀಸ್ ಇಲಾಖೆಯೊಳಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕೆಲಸ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಸಮಗ್ರ ಮಾರ್ಗದರ್ಶಿ

"ಸಾಹೇಬ್ರ, ಹಗಲೊತ್ತಿನ್ಯಾಗ ನೋಡಿದ್ರ ಏನೂ ತಿಳಿಯೂದಿಲ್ರಿ. ರಾತ್ರಿ ಹನ್ನೊಂದಕ್ಕ ಬರ್ರಿ."

ಹೀಗೆ ಹೇಳಿದವರು ಬೆಳಗಾವಿ ಜಿಲ್ಲೆಯ ಒಂದು ಠಾಣೆಯ ಹೆಡ್ ಕಾನ್ಸ್‌ಟೇಬಲ್. ನಾನಾಗ ಕ್ಯಾಮೆರಾ ಮತ್ತು ಕಂಟ್ರೋಲ್ ರೂಮ್ ಕೂಡಿಸಿಕೊಡುವ ಕಂಪನಿಯೊಂದರಲ್ಲಿ ಸೈಟ್ ಎಂಜಿನಿಯರ್. ಕೈಯಲ್ಲಿ ನಕ್ಷೆ ಇತ್ತು, ಕಂಬ ಎಲ್ಲಿ ನಿಲ್ಲಬೇಕು ಅಂತ ಕೆಂಪು ಗುರುತು ಇತ್ತು. ಅವರ ಮಾತಿಗೆ ರಾತ್ರಿ ಹೋದೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಸಾಲಾಗಿ ಫ್ಯಾಕ್ಟರಿ ಕಡೆ ಹೊರಟಿದ್ದವು. ಹಿಂದಿನ ನಂಬರ್ ಪ್ಲೇಟು ಕಬ್ಬಿನ ಸೂಲಂಗಿಯೊಳಗೆ ಮುಚ್ಚಿಹೋಗಿತ್ತು. ಎದುರಿನಿಂದ ಬರುವ ಲಾರಿಗಳ ಹೆಡ್‌ಲೈಟ್ ಸರಿಯಾಗಿ ನನ್ನ ಕೆಂಪು ಗುರುತಿನ ಮೇಲೇ ಬೀಳುತ್ತಿತ್ತು. ಆ ನಕ್ಷೆಯಂತೆ ಕೂಡಿಸಿದ್ದರೆ ಕ್ಯಾಮೆರಾ ಇರುತ್ತಿತ್ತು, ಬಿಲ್ಲೂ ಪಾಸಾಗುತ್ತಿತ್ತು, ಆದರೆ ರಾತ್ರಿ ಹೊತ್ತು ಒಂದೇ ಒಂದು ನಂಬರ್ ಸಿಗುತ್ತಿರಲಿಲ್ಲ. ಗಾಡಿಗಳು ನಿಧಾನವಾಗಿ ತಿರುಗುವ ಜಾಗಕ್ಕೆ, ಮುಂದಿನ ಪ್ಲೇಟು ಕಾಣುವ ಹಾಗೆ, ಕಂಬ ಸರಿಸಿದೆವು.

ಪೊಲೀಸ್ ಇಲಾಖೆಯ ಪ್ರಾಜೆಕ್ಟ್ ಕೆಲಸ ಅಂದರೆ ನನಗೆ ಇವತ್ತಿಗೂ ಆ ರಾತ್ರಿಯೇ ನೆನಪಾಗುತ್ತದೆ. ಸಾಮಾನು ಬಂದು ಇಳಿದರೆ ಪ್ರಾಜೆಕ್ಟ್ ಮುಗಿಯುವುದಿಲ್ಲ. ನೈಟ್ ಡ್ಯೂಟಿಯವರು ಅದನ್ನು ನಂಬಿ ಬಳಸಲು ಶುರು ಮಾಡಿದಾಗ ಮುಗಿಯುತ್ತದೆ. ಈ ಕೆಲಸಕ್ಕೆ ಬರಬೇಕು ಅನ್ನುವ ನಮ್ಮ ಮೂರು ಜಿಲ್ಲೆಗಳ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು: ಆ ಹೆಸರಿನ ಹುದ್ದೆ ಹುಡುಕಬೇಡಿ

ಬ್ರಿಟನ್ನಿನಲ್ಲಿ ಪೊಲೀಸ್ ಪಡೆಗಳು ಸಮವಸ್ತ್ರವಿಲ್ಲದ ಸಿಬ್ಬಂದಿಯಾಗಿ ಪ್ರಾಜೆಕ್ಟ್ ಮ್ಯಾನೇಜರ್‌ಗಳನ್ನೇ ನೇರವಾಗಿ ತೆಗೆದುಕೊಳ್ಳುತ್ತವೆ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಪೊಲೀಸ್ ನೇಮಕಾತಿ ಅಧಿಸೂಚನೆಯಲ್ಲಿ ಪಿಎಸ್‌ಐ ಇರುತ್ತದೆ, ಕಾನ್ಸ್‌ಟೇಬಲ್ ಇರುತ್ತದೆ, ವೈರ್‌ಲೆಸ್ ವಿಭಾಗದ ಹುದ್ದೆಗಳಿರುತ್ತವೆ. 'ಪ್ರಾಜೆಕ್ಟ್ ಮ್ಯಾನೇಜರ್' ಅಂತ ಹುಡುಕಿ ಸಿಗಲಿಲ್ಲ ಅಂತ ಸುಮ್ನೆ ಕೂತವರನ್ನು ನಾನು ಬಹಳ ನೋಡಿದ್ದೇನೆ.

ಹುದ್ದೆಯ ಹೆಸರಿಲ್ಲ, ಕೆಲಸ ಮಾತ್ರ ಬೇಕಾದಷ್ಟಿದೆ. ಇಲಾಖೆಯಲ್ಲಿ ಸಂವಹನ, ಲಾಜಿಸ್ಟಿಕ್ಸ್ ಮತ್ತು ಆಧುನೀಕರಣಕ್ಕೆ ಅಂತಲೇ ಎಡಿಜಿಪಿ (ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ) ಮಟ್ಟದ ಹುದ್ದೆ ಇದೆ. ಬೆಂಗಳೂರಿನಲ್ಲಿ ಪೊಲೀಸ್ ಕಂಪ್ಯೂಟರ್ ವಿಂಗ್ ಇದೆ. ಠಾಣೆ, ಕ್ವಾರ್ಟರ್ಸ್ ಕಟ್ಟುವುದಕ್ಕೆ 1985ರಲ್ಲಿ ಶುರುವಾದ ಪೊಲೀಸ್ ವಸತಿ ನಿಗಮ ಇದೆ, ಈಗ ಅದರ ಹೆಸರಿಗೆ ಮೂಲಸೌಲಭ್ಯ ಅಭಿವೃದ್ಧಿಯೂ ಸೇರಿದೆ. ಇಲ್ಲೆಲ್ಲ ದಿನಾ ನಡೆಯುವುದು ಪ್ರಾಜೆಕ್ಟ್ ಕೆಲಸವೇ.

ಹೆಜ್ಜೆ 1: ಪ್ರಾಜೆಕ್ಟ್ ಎಲ್ಲೆಲ್ಲಿದೆ ಅಂತ ಕಣ್ಣಿಟ್ಟು ನೋಡಿ

ಶುರುವಿದ್ದು, ಕೊನೆಯ ದಿನಾಂಕವಿದ್ದು, ಇಷ್ಟೇ ದುಡ್ಡು ಅಂತ ಗೆರೆ ಎಳೆದಿರುವ ಕೆಲಸವನ್ನು ಪ್ರಾಜೆಕ್ಟ್ ಅನ್ನಿ. ಹೀಗೆ ನೋಡಿದರೆ ನಮ್ಮ ಸುತ್ತಲೇ ಎಷ್ಟೋ ಕಾಣುತ್ತವೆ.

ಬೆಳಗಾವಿ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಸೇರಿತು. ಅದರ ದುಡ್ಡಿನಲ್ಲಿ ಕಮಾಂಡ್ ಆ್ಯಂಡ್ ಕಂಟ್ರೋಲ್ ಸೆಂಟರ್ ಬಂತು. ದೇಶದ ಎಲ್ಲ ಠಾಣೆಗಳನ್ನು ಒಂದು ಜಾಲಕ್ಕೆ ತಂದ ಸಿಸಿಟಿಎನ್‌ಎಸ್ 2009ರಲ್ಲಿ ಮಂಜೂರಾದ ಯೋಜನೆ. ಅದರ ರಚನೆಯಲ್ಲೇ 'ಸ್ಟೇಟ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಯೂನಿಟ್' ಅನ್ನುವ ಘಟಕವಿದೆ, ಹೊರಗಿನ ಸಲಹಾ ಸಂಸ್ಥೆಗೂ ಜಾಗವಿದೆ. 112 ತುರ್ತು ಕರೆ ವ್ಯವಸ್ಥೆ ಇನ್ನೊಂದು. ಬೆಂಗಳೂರಿನ ಸೇಫ್ ಸಿಟಿ ಯೋಜನೆ ಮಹಿಳೆಯರ ಸುರಕ್ಷತೆಗೆ ಇರುವ ನಿರ್ಭಯಾ ನಿಧಿಯದ್ದು, ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಪೊಲೀಸ್ ಆಧುನೀಕರಣ ಯೋಜನೆಯಲ್ಲೂ ನಮ್ಮ ರಾಜ್ಯಕ್ಕೆ ಇದೇ ಪಾಲು.

ಇತ್ತೀಚಿನದು ಬೇಕಾದರೆ 2024ರ ಜುಲೈ 1ರಂದು ಹಳೆಯ ಸಿಆರ್‌ಪಿಸಿ ಜಾಗಕ್ಕೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ನೋಡಿ. ಅದರ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೋ-ವಿಡಿಯೋದಲ್ಲಿ ದಾಖಲಿಸಬೇಕು. ಅದಕ್ಕೆ ಇ-ಸಾಕ್ಷ್ಯ ಆ್ಯಪ್ ಬಂದಿದೆ. ಕಾನೂನು ಒಂದು ಸಾಲಿನಲ್ಲಿ ಹೇಳಿಬಿಟ್ಟಿತು. ಈಗ ಒಂದು ಜಿಲ್ಲೆಯ ಮಟ್ಟಿಗೆ ಯೋಚಿಸಿ. ತನಿಖಾಧಿಕಾರಿಗಳ ಕೈಯಲ್ಲಿ ಎಂಥ ಫೋನ್ ಇರಬೇಕು? ನೆಟ್‌ವರ್ಕ್ ಇಲ್ಲದ ತೋಟದ ಮನೆಯಲ್ಲಿ ವಿಡಿಯೋ ಮಾಡಿದರೆ ಅಪ್‌ಲೋಡ್ ಯಾವಾಗ? ಹೇಳಿಕೊಡುವವರು ಯಾರು, ಎಷ್ಟು ದಿನ? ಠಾಣೆಯ ಅರ್ಧ ಜನ ಬಂದೋಬಸ್ತ್‌ಗೆ ಹೋಗಿರುವ ವಾರದಲ್ಲಿ ತರಬೇತಿ ಇಟ್ಟರೆ ಬರುವವರು ಯಾರು? ಈ ಪ್ರಶ್ನೆಗಳನ್ನು ಒಂದೊಂದಾಗಿ ಹಿಡಿದು ತಾರೀಖು ಹಾಕಿ ಬಗೆಹರಿಸುವುದೇ ನೀವು ಮಾಡಬೇಕೆಂದಿರುವ ಉದ್ಯೋಗ.

ಹೆಜ್ಜೆ 2: ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ?

ನಾಲ್ಕು ಬಾಗಿಲುಗಳಿವೆ. ನಾಲ್ಕೂ ಒಂದೇ ಥರ ಅಲ್ಲ.

ಮೊದಲನೆಯದು ಖಾಕಿ. ಸಿವಿಲ್ ಕಾನ್ಸ್‌ಟೇಬಲ್‌ಗೆ ಪಿಯುಸಿ, ಸಶಸ್ತ್ರ ಕಾನ್ಸ್‌ಟೇಬಲ್‌ಗೆ ಎಸ್‌ಎಸ್‌ಎಲ್‌ಸಿ, ಪಿಎಸ್‌ಐಗೆ ಪದವಿ. ಡಿವೈಎಸ್‌ಪಿ ಆಗುವುದು ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯಿಂದ, ಐಪಿಎಸ್ ಯುಪಿಎಸ್‌ಸಿಯಿಂದ. ಖಾಕಿಯಲ್ಲಿ ಬಂದವರಿಗೆ ಮೊದಲ ಕೆಲವು ವರ್ಷ ಪ್ರಾಜೆಕ್ಟ್ ಕೆಲಸ ಸಿಗುವುದು ಕಷ್ಟ. ಠಾಣೆ, ತನಿಖೆ, ಬಂದೋಬಸ್ತ್ ಇವೇ ಆಗುತ್ತವೆ. ಆದರೆ ಆಮೇಲೆ ಸಿಕ್ಕಾಗ ನಿಮ್ಮ ಮಾತಿಗಿರುವ ತೂಕವೇ ಬೇರೆ, ಯಾಕಂದರೆ ನೀವು ರಾತ್ರಿ ಪಾಳಿ ಮಾಡಿದವರು. ಕಂಪ್ಯೂಟರ್ ಬಲ್ಲ ಕಾನ್ಸ್‌ಟೇಬಲ್‌ಗಳನ್ನು ಎಸ್‌ಪಿ ಕಚೇರಿಗೆ, ಕಂಟ್ರೋಲ್ ರೂಮಿಗೆ ಒಒಡಿ (ಮೂಲ ಠಾಣೆಯಲ್ಲೇ ಹುದ್ದೆ ಇಟ್ಟುಕೊಂಡು ಬೇರೆ ಕಡೆ ಕೆಲಸ) ಮೇಲೆ ಕರೆಸಿಕೊಳ್ಳುವುದು ಇಲಾಖೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಅಲ್ಲಿಂದಲೇ ದಾರಿ ತೆರೆಯುತ್ತದೆ.

ಎರಡನೆಯದು ಟೇಬಲ್. ಇದರ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಜಾಸ್ತಿ ಹೇಳುತ್ತೇನೆ. ಕೆಪಿಎಸ್‌ಸಿಯಿಂದ ಆಯ್ಕೆಯಾದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ)ಗಳಲ್ಲಿ ಕೆಲವರಿಗೆ ಪೊಲೀಸ್ ಇಲಾಖೆ ಹಂಚಿಕೆಯಾಗುತ್ತದೆ. ಎಫ್‌ಡಿಎಗೆ ಪದವಿ, ಎಸ್‌ಡಿಎಗೆ ಪಿಯುಸಿ. ಎಸ್‌ಪಿ ಕಚೇರಿಯಲ್ಲಿ ಖರೀದಿ, ಕಟ್ಟಡ, ವಾಹನ, ಬಜೆಟ್ ಫೈಲುಗಳೆಲ್ಲ ಇವರ ಟೇಬಲ್ ದಾಟಿಯೇ ಹೋಗಬೇಕು. ಎಸ್‌ಪಿ ಎರಡು ವರ್ಷಕ್ಕೆ ಬದಲಾಗಬಹುದು, ಫೈಲಿನ ಇತಿಹಾಸ ನೆನಪಿರುವುದು ಶಾಖಾಧೀಕ್ಷಕರಿಗೆ. ಐದು ವರ್ಷ ಖರೀದಿ ಶಾಖೆಯಲ್ಲಿ ಕೂತು ಕಣ್ಣು ತೆರೆದು ಕೆಲಸ ಮಾಡಿದ ಎಫ್‌ಡಿಎ, ಎಷ್ಟೋ ದುಬಾರಿ ಸಲಹೆಗಾರರಿಗಿಂತ ಒಳ್ಳೆಯ ಪ್ರಾಜೆಕ್ಟ್ ಮ್ಯಾನೇಜರ್. ಇದನ್ನು ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಮೂರನೆಯದು ಎಂಜಿನಿಯರಿಂಗ್. ಸಿವಿಲ್ ಓದಿದವರಿಗೆ ವಸತಿ ನಿಗಮ, ಎಲೆಕ್ಟ್ರಾನಿಕ್ಸ್ ಓದಿದವರಿಗೆ ವೈರ್‌ಲೆಸ್ ವಿಭಾಗ. ನಾಲ್ಕನೆಯದು ಹೊರಗಿನಿಂದ: ಟೆಂಡರ್ ಗೆದ್ದ ಕಂಪನಿಯಲ್ಲಿ, ಸಲಹಾ ಸಂಸ್ಥೆಯಲ್ಲಿ, ಇಲ್ಲವೇ ಹೊರಗುತ್ತಿಗೆಯಲ್ಲಿ ಇಲಾಖೆಯ ಪ್ರಾಜೆಕ್ಟ್ ಘಟಕದಲ್ಲಿ ಕೂರುವುದು. ಬಿಇ, ಎಂಸಿಎ, ಎಂಬಿಎ ಮಾಡಿದವರಿಗೆ ಬೇಗ ತೆರೆಯುವ ಬಾಗಿಲು ಇದೇ. ನಾನು ಬಂದದ್ದೂ ಇಲ್ಲಿಂದ.

ಇಲ್ಲೊಂದು ಮುಖ್ಯ ಮಾತು. ವಿಜಯಪುರದ ಹುಡುಗರು ಪಕ್ಕದ ಕಲಬುರಗಿಯವರನ್ನು ನೋಡಿ ಸಂವಿಧಾನದ 371ಜೆ ವಿಧಿಯ ಮೀಸಲಾತಿ ನಮಗೂ ಇದೆ ಅಂದುಕೊಳ್ಳುತ್ತಾರೆ. ಇಲ್ಲ. ಅದು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ. ನಮ್ಮ ಮೂರೂ ಜಿಲ್ಲೆಗಳು ಅದರಲ್ಲಿಲ್ಲ. ಆದರೆ ನಮ್ಮವರು ಮರೆಯುವ ಇನ್ನೊಂದಿದೆ: ಯೋಜನಾ ನಿರಾಶ್ರಿತರ ಮೀಸಲಾತಿ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ, ಆಲಮಟ್ಟಿ ಹಿನ್ನೀರಿನಲ್ಲಿ ಮನೆ, ಹೊಲ ಕಳೆದುಕೊಂಡ ಕುಟುಂಬಗಳು ಬಾಗಲಕೋಟೆ, ವಿಜಯಪುರ ಕಡೆ ಎಷ್ಟಿಲ್ಲ? ಅಜ್ಜನ ಹೊಲ ಮುಳುಗಿದ ಕಾಗದ ಮನೆಯ ಟ್ರಂಕಿನಲ್ಲೇ ಇರುತ್ತದೆ, ಮೊಮ್ಮಗ ಸಾಮಾನ್ಯ ಕೋಟಾದಲ್ಲಿ ಅರ್ಜಿ ಹಾಕಿರುತ್ತಾನೆ. ಅಧಿಸೂಚನೆ ಬಂದಾಗ ಈ ಕಾಲಂ ಇದೆಯಾ, ನಿಮಗೆ ಅನ್ವಯಿಸುತ್ತದಾ ಅಂತ ನೋಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣ ಪತ್ರಗಳನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ಹುಡುಕಿಕೊಂಡು ಓಡಬಾರದು.

ಹೆಜ್ಜೆ 3: ಫೈಲಿನ ದಾರಿ ಕಲಿಯಿರಿ

ಖಾಸಗಿ ಕಂಪನಿಯಿಂದ ಬಂದವರು ಎಡವುವುದು ಇಲ್ಲೇ. 'ಸಾಹೇಬ್ರು ಹೂಂ ಅಂದರು' ಅಂದರೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಸರ್ಕಾರದಲ್ಲಿ ಬಾಯಿಮಾತಿಗೆ ಬಿಲ್ ಆಗುವುದಿಲ್ಲ.

ದಾರಿ ಹೀಗೆ ಸಾಗುತ್ತದೆ. ಠಾಣೆಯಿಂದಲೋ ಶಾಖೆಯಿಂದಲೋ ಬೇಡಿಕೆ ಬರುತ್ತದೆ. ಅಂದಾಜು ಪಟ್ಟಿ ತಯಾರಾಗುತ್ತದೆ. ಬಜೆಟ್‌ನ ಯಾವ ಲೆಕ್ಕ ಶೀರ್ಷಿಕೆಯಲ್ಲಿ ದುಡ್ಡಿದೆ ಅಂತ ನೋಡುತ್ತಾರೆ. ಆಡಳಿತಾತ್ಮಕ ಅನುಮೋದನೆ ಬೇಕು, ಕಟ್ಟಡವಾದರೆ ತಾಂತ್ರಿಕ ಮಂಜೂರಾತಿಯೂ ಬೇಕು. ಆಮೇಲೆ ಟೆಂಡರ್. ತಾಂತ್ರಿಕ ಬಿಡ್ ಮೊದಲು ತೆರೆಯುತ್ತಾರೆ, ಅದರಲ್ಲಿ ಪಾಸಾದವರ ಆರ್ಥಿಕ ಬಿಡ್ ಮಾತ್ರ ಆಮೇಲೆ. ಕಡಿಮೆ ದರದವನಿಗೆ 'ಎಲ್-1' ಅನ್ನುತ್ತಾರೆ, ಆ ಪದ ನಿಮ್ಮ ಕಿವಿಗೆ ದಿನಾ ಬೀಳುತ್ತದೆ. ಕಾರ್ಯಾದೇಶ, ಸರಬರಾಜು, ತಪಾಸಣೆ, ದಾಸ್ತಾನು ವಹಿಯಲ್ಲಿ ನಮೂದು, ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ ಬಿಲ್ಲು. ಕೊನೆಗೆ ದುಡ್ಡು ಕೊಟ್ಟವರಿಗೆ ಬಳಕೆ ಪ್ರಮಾಣ ಪತ್ರ. ಇದನ್ನು ಕಳಿಸದಿದ್ದರೆ ಮುಂದಿನ ಕಂತು ನಿಲ್ಲುತ್ತದೆ.

ಇದಕ್ಕೆಲ್ಲ ಮೂಲ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ. ಎಲ್ಲರೂ ಕೆಟಿಪಿಪಿ ಅಂತಲೇ ಕರೆಯುವುದು. ಅದರ 4(ಜಿ) ವಿನಾಯಿತಿ ಅಂದರೇನು ಅಂತ ತಿಳಿದಿರಲಿ: ಟೆಂಡರ್ ಇಲ್ಲದೆ ಒಬ್ಬರಿಂದಲೇ ತೆಗೆದುಕೊಳ್ಳಲು ಸರ್ಕಾರ ಅಧಿಸೂಚನೆ ಹೊರಡಿಸಿ ಕೊಡುವ ಅನುಮತಿ ಅದು. ಕರ್ನಾಟಕ ಸಂಗ್ರಹಣೆ ಪೋರ್ಟಲ್‌ಗೆ ಹೋಗಿ, ಪೊಲೀಸ್ ಇಲಾಖೆಯ ಹತ್ತು ಟೆಂಡರ್ ದಾಖಲೆಗಳನ್ನು ಇಳಿಸಿಕೊಂಡು ಪೂರ್ತಿ ಓದಿ. ಎಲ್ಲರಿಗೂ ತೆರೆದಿರುವ ದಾಖಲೆಗಳು ಅವು. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಓದುವಾಗ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬೇಡಿಕೆಯಿಂದ ಕಾರ್ಯಾದೇಶದವರೆಗೆ ಎಷ್ಟು ತಿಂಗಳು ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಜನವರಿಯಲ್ಲಿ ಎದ್ದು ಕೂತವರು ಮಾರ್ಚಿನಲ್ಲಿ ಸಿಕ್ಕಿದ್ದನ್ನು ಕೊಂಡು ಕೈತೊಳೆದುಕೊಳ್ಳುತ್ತಾರೆ. ಏಪ್ರಿಲ್‌ನಲ್ಲೇ ಬೇಡಿಕೆ ಬರೆಸುವವರು ಬೇಕಾದ್ದನ್ನು ಕೊಳ್ಳುತ್ತಾರೆ.

ಹೆಜ್ಜೆ 4: ಒಂದು ಜಾತ್ರೆಯನ್ನು ಕಾಗದದ ಮೇಲೆ ನಡೆಸಿ

ಅನುಭವ ಇಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಇಲ್ಲದೆ ಅನುಭವ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದಕ್ಕೆ ನನ್ನ ಉತ್ತರ ಬಾದಾಮಿ ಬನಶಂಕರಿ ಜಾತ್ರೆ. ನಿಮ್ಮೂರಿಗೆ ಹತ್ತಿರ ಅಂದರೆ ಸವದತ್ತಿ ಯಲ್ಲಮ್ಮನ ಜಾತ್ರೆ ಆಗಬಹುದು, ವಿಜಯಪುರದ ಸಿದ್ಧೇಶ್ವರ ಜಾತ್ರೆ ಆಗಬಹುದು.

ಬನದ ಹುಣ್ಣಿಮೆಗೆ ತೇರು. ಅದು ಯಾರಿಗಾಗಿಯೂ ಒಂದು ದಿನವೂ ಮುಂದೆ ಹೋಗುವುದಿಲ್ಲ. ಹಾಗಾಗಿ ಆ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ತೇರಿನ ದಿನ ವಾಕಿಟಾಕಿ ಎಲ್ಲ ಮೂಲೆಯಲ್ಲೂ ಮಾತಾಡಬೇಕು. ಅಂದರೆ ಮೂರು ದಿನ ಮೊದಲು ಪರೀಕ್ಷೆ ಆಗಿರಬೇಕು. ಅಂದರೆ ಅದಕ್ಕೂ ಮೊದಲು ಬ್ಯಾಟರಿ ಚಾರ್ಜ್ ಮಾಡುವ ಜಾಗಕ್ಕೆ ಕರೆಂಟ್ ಬಂದಿರಬೇಕು. ತಾತ್ಕಾಲಿಕ ಕನೆಕ್ಷನ್‌ಗೆ ಹೆಸ್ಕಾಂಗೆ ಅರ್ಜಿ ಹೋಗಿರಬೇಕು, ಹಣ ಕಟ್ಟಿರಬೇಕು. ಹಣ ಕಟ್ಟಲು ಮಂಜೂರಾತಿ ಬೇಕು. ಒಂದು ವಾಕಿಟಾಕಿಯ ಹಿಂದೆ ಇಷ್ಟು ಉದ್ದದ ಸರಪಳಿ. ಇಂಥವು ನಲವತ್ತು ಐವತ್ತು ಸಿಗುತ್ತವೆ: ತಾತ್ಕಾಲಿಕ ಹೊರಠಾಣೆ, ಪಾರ್ಕಿಂಗ್, ಬಸ್ಸು ನಿಲ್ಲುವ ಜಾಗ, ಕಳೆದುಹೋದ ಮಕ್ಕಳ ಕೇಂದ್ರ, ಜನರೇಟರ್‌ಗೆ ಡೀಸೆಲ್, ಆಂಬುಲೆನ್ಸ್ ಹೊರಹೋಗುವ ದಾರಿ.

ಬನಶಂಕರಿಯಲ್ಲಿ ನಾಟಕ ಕಂಪನಿಗಳು ಬೀಡು ಬಿಡುತ್ತವೆ, ಆಟ ರಾತ್ರಿಯೆಲ್ಲ ನಡೆಯುತ್ತದೆ. ಅಂದರೆ ಜನ ರಾತ್ರಿ ಕರಗುವುದಿಲ್ಲ. ಬೇರೆ ಜಾತ್ರೆಯ ಬಂದೋಬಸ್ತ್ ಪಟ್ಟಿಯನ್ನು ಇಲ್ಲಿಗೆ ನಕಲು ಮಾಡಿದರೆ ಬೆಳಗಿನ ಮೂರು ಗಂಟೆಗೆ ಸಿಬ್ಬಂದಿ ಸಾಲುವುದಿಲ್ಲ. ಹೊರಜಿಲ್ಲೆಯಿಂದ ಬಂದ ಸಿಬ್ಬಂದಿ ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ? ಮಹಿಳಾ ಕಾನ್ಸ್‌ಟೇಬಲ್‌ಗಳಿಗೆ ಡ್ಯೂಟಿ ಪಾಯಿಂಟಿನಿಂದ ನಡೆದು ಹೋಗುವಷ್ಟು ಹತ್ತಿರ ಶೌಚಾಲಯ ಇದೆಯೇ? ಈ ಸಾಲು ನಿಮ್ಮ ಪಟ್ಟಿಯ ಮೊದಲ ಪುಟದಲ್ಲೇ ಇರಲಿ. ಹನ್ನೆರಡು ತಾಸು ನೀರು ಕುಡಿಯದೆ ನಿಂತ ಹೆಣ್ಣುಮಗಳು ಹೇಳಿಕೊಳ್ಳುವುದಿಲ್ಲ. ನಾವೇ ಕೇಳಬೇಕು.

ಒಂದೊಂದು ಕೆಲಸಕ್ಕೂ ಒಬ್ಬರ ಹುದ್ದೆ, ಒಂದು ತಾರೀಖು, 'ಇದಾಗದಿದ್ದರೆ ಮುಂದೇನು' ಅನ್ನುವ ಒಂದು ಸಾಲು ಬರೆಯಿರಿ. ಎಕ್ಸೆಲ್ ಸಾಕು, ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಆಮೇಲೆ ನಿಜವಾಗಿ ಜಾತ್ರೆಗೆ ಹೋಗಿ, ನಿಮ್ಮ ಹಾಳೆ ಎಲ್ಲೆಲ್ಲಿ ತಪ್ಪಿತು ಅಂತ ಗುರುತು ಹಾಕಿ. ಗೃಹರಕ್ಷಕ ದಳಕ್ಕೆ ಸೇರಿದರೆ ಬಂದೋಬಸ್ತ್ ಒಳಗಿನಿಂದಲೇ ಕಾಣುತ್ತದೆ. ಬೆಳಗಾವಿಯವರಾದರೆ ಗಣೇಶ ವಿಸರ್ಜನೆ ಇದೆ, ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ. ಚಳಿಗಾಲದ ಅಧಿವೇಶನವಂತೂ ಇದ್ದೇ ಇದೆ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ರಾಜ್ಯದ ಮೂಲೆಮೂಲೆಯಿಂದ ಪೊಲೀಸರು ಇಲ್ಲಿಗೆ ಬಂದು ಡಿಸೆಂಬರ್ ಚಳಿಯಲ್ಲಿ ಇರುತ್ತಾರೆ. ಅವರ ಹಾಸಿಗೆ, ಬಿಸಿನೀರು, ಊಟ ಇವೂ ಪ್ರಾಜೆಕ್ಟೇ.

ಹೆಜ್ಜೆ 5: ಲೆಕ್ಕ ಬರಬೇಕು

ಒಂದು ಉದಾಹರಣೆ ಕೊಡುತ್ತೇನೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವಿಡಿಯೋ ಕಳಿಸುತ್ತದೆ ಅನ್ನೋಣ. ದಿನಕ್ಕೆ 86,400 ಸೆಕೆಂಡ್. ಎಂಟರಿಂದ ಭಾಗಿಸಿದರೆ ದಿನಕ್ಕೆ 21.6 ಜಿಬಿ. 30 ದಿನ ಇಟ್ಟುಕೊಳ್ಳಬೇಕಾದರೆ 648 ಜಿಬಿ. ನೂರು ಕ್ಯಾಮೆರಾಕ್ಕೆ ಸುಮಾರು 65 ಟಿಬಿ. ಡಿಸ್ಕ್ ಕೆಟ್ಟರೂ ವಿಡಿಯೋ ಉಳಿಯಬೇಕಾದರೆ ಇನ್ನೂ ಜಾಸ್ತಿ. ಅಂದಾಜು ಪಟ್ಟಿಯಲ್ಲಿ 20 ಟಿಬಿ ಬರೆದು ಕಳಿಸಿದರೆ ಒಂಬತ್ತು ದಿನಕ್ಕೇ ಹಳೆಯದು ಅಳಿಸಿಹೋಗುತ್ತದೆ. ಕಳ್ಳತನದ ದೂರು ಹತ್ತನೇ ದಿನ ಬಂದರೆ ತೋರಿಸಲು ಏನೂ ಇರುವುದಿಲ್ಲ.

ಬ್ಯಾಟರಿಯದ್ದು ನನ್ನದೇ ತಪ್ಪಿನ ಪಾಠ. ಕಂಬದ ಮೇಲಿನ ಸಾಮಾನು 60 ವ್ಯಾಟ್ ತಿನ್ನುತ್ತಿತ್ತು. ನಾಲ್ಕು ತಾಸು ಕರೆಂಟ್ ಹೋದರೆ 240 ವ್ಯಾಟ್-ಅವರ್. 12 ವೋಲ್ಟ್ ಬ್ಯಾಟರಿ ಆದರೆ 20 ಎಎಚ್ (ಆಂಪಿಯರ್-ಅವರ್) ಸಾಕು ಅಂತ ಬರೆದೆ. ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು. ಆದರೆ ಲೆಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಇನ್ನೂ ಬೇಗ. ಮೊದಲ ಬೇಸಿಗೆಯಲ್ಲೇ ಬ್ಯಾಟರಿಗಳು ಉಬ್ಬಿದವು. ಬದಲಿಸಲು ನಿರ್ವಹಣೆ ಒಪ್ಪಂದದಲ್ಲಿ ಬ್ಯಾಟರಿ ಸೇರಿರಲಿಲ್ಲ. ನಾನಿದ್ದ ಕಂಪನಿ ನಮ್ಮದಲ್ಲ ಅಂದಿತು, ಕಚೇರಿ ನಮ್ಮ ಹತ್ತಿರ ದುಡ್ಡಿಲ್ಲ ಅಂದಿತು. ತಿಂಗಳುಗಟ್ಟಲೆ ಕ್ಯಾಮೆರಾಗಳು ಕರೆಂಟ್ ಹೋದಾಗಲೆಲ್ಲ ಕಣ್ಣು ಮುಚ್ಚಿದವು. 40 ಎಎಚ್ ಅಂತ ಒಂದು ಅಂಕಿ, 'ಬ್ಯಾಟರಿ ಸೇರಿ' ಅಂತ ಎರಡು ಪದ ಬರೆದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಅಂದಾಜು ಪಟ್ಟಿ ಮಾಡುವಾಗ ಐದು ವರ್ಷದ ಕರೆಂಟ್ ಬಿಲ್, ಇಂಟರ್ನೆಟ್, ಬ್ಯಾಟರಿ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಎಲ್ಲ ಸೇರಿಸಿ. ಮೊತ್ತ ಜಾಸ್ತಿ ಕಾಣುತ್ತದೆ ಅಂತ ಯಾರಾದರೂ ತೆಗೆಯಲು ಹೇಳಿದರೆ, ತೆಗೆದರೆ ಏನಾಗುತ್ತದೆ ಅಂತ ಟಿಪ್ಪಣಿಯಲ್ಲಿ ಬರೆದಿಡಿ.

ಹೆಜ್ಜೆ 6: ಸರ್ಟಿಫಿಕೇಟ್

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪಿಎಂಐ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ಗೆ ಸಿಎಪಿಎಂ, ಪಿಎಂಪಿ ಅನ್ನುವ ಸರ್ಟಿಫಿಕೇಟ್ ಕೊಡುತ್ತದೆ. ಹೊಸಬರಿಗೆ ಸಿಎಪಿಎಂ ಇದೆ, 23 ಗಂಟೆಯ ತರಬೇತಿ ತೋರಿಸಬೇಕು. ಪಿಎಂಪಿಗೆ ಪದವೀಧರರಾದರೆ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಮತ್ತು 35 ಗಂಟೆ ತರಬೇತಿ ಬೇಕು. ಎರಡರ ಫೀಸೂ ದುಬಾರಿ. ಹೊರಗಿನ ಬಾಗಿಲಿನಿಂದ ಬರುವವರಿಗೆ ಪಿಎಂಪಿ ಉಪಯೋಗ, ಏಕೆಂದರೆ ದೊಡ್ಡ ಟೆಂಡರ್‌ಗಳಲ್ಲಿ 'ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇಂಥ ಅರ್ಹತೆ ಇರಬೇಕು' ಅಂತ ಕೇಳುವುದುಂಟು. ಖಾಕಿ ಅಥವಾ ಟೇಬಲ್ ಬಾಗಿಲಿನವರಿಗೆ ಮೊದಲ ದಿನದಿಂದ ಬೇಕಿಲ್ಲ. ಸ್ವಯಂ, ಎನ್‌ಪಿಟಿಇಎಲ್ ಅನ್ನುವ ಸರ್ಕಾರಿ ಆನ್‌ಲೈನ್ ಕಲಿಕೆ ತಾಣಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠಗಳು ಉಚಿತವಾಗಿ ಸಿಗುತ್ತವೆ, ಅಲ್ಲಿಂದ ಶುರು ಮಾಡಿ.

ಸರ್ಟಿಫಿಕೇಟ್‌ಗಿಂತ ಮೊದಲು ಕಲಿಯಬೇಕಾದ್ದು ಕನ್ನಡದಲ್ಲಿ ಟಿಪ್ಪಣಿ ಬರೆಯುವುದು. ನುಡಿ ಅಥವಾ ಯೂನಿಕೋಡ್‌ನಲ್ಲಿ ವೇಗವಾಗಿ ಟೈಪ್ ಮಾಡಲು ಬರಬೇಕು. ಇಡೀ ವಿಷಯ ಒಂದು ಪುಟದಲ್ಲಿ ಮುಗಿಯಬೇಕು: ಈಗ ಏನಿದೆ, ಏನು ಬೇಕು, ಎಷ್ಟಾಗುತ್ತದೆ, ಯಾವ ದುಡ್ಡಿನಿಂದ, ಯಾರ ಅನುಮೋದನೆ. ಇಂಗ್ಲಿಷ್‌ನಲ್ಲಿ ನಲವತ್ತು ಸ್ಲೈಡ್ ಮಾಡಿಕೊಂಡು ಹೋದ ಎಂಬಿಎ ಹುಡುಗನಿಗಿಂತ, ಒಂದು ಪುಟ ಸ್ಪಷ್ಟ ಕನ್ನಡ ಬರೆದ ಹುಡುಗಿಯ ಫೈಲ್ ಮೊದಲು ಸಹಿಯಾಗಿದ್ದನ್ನು ನಾನು ನೋಡಿದ್ದೇನೆ.

ಹೆಜ್ಜೆ 7: ಠಾಣೆಯವರ ಜೊತೆ ಕೂತು ಕೇಳಿ

ಠಾಣೆಗೆ ಹೋದರೆ ಮೊದಲು ಇನ್‌ಸ್ಪೆಕ್ಟರ್‌ಗೋ ಪಿಎಸ್‌ಐಗೋ ನಮಸ್ಕಾರ ಹೇಳಿ ಅನುಮತಿ ತೆಗೆದುಕೊಳ್ಳಿ. ಆಮೇಲೆ ಠಾಣೆಯ ದಾಖಲೆ ಬರೆಯುವ ಸ್ಟೇಷನ್ ರೈಟರ್ ಪಕ್ಕ ಒಂದು ದಿನ ಕೂತುಬಿಡಿ. ಒಂದೇ ಮಾಹಿತಿಯನ್ನು ಅವರು ಎಷ್ಟು ರಿಜಿಸ್ಟರ್‌ಗಳಲ್ಲಿ, ಎಷ್ಟು ಸಾಫ್ಟ್‌ವೇರ್‌ಗಳಲ್ಲಿ ಬರೆಯುತ್ತಾರೆ ಅಂತ ಎಣಿಸಿ. ಹೊಸ ವ್ಯವಸ್ಥೆ ತರುವಾಗ ಹಳೆಯ ಯಾವ ರಿಜಿಸ್ಟರ್ ನಿಲ್ಲುತ್ತದೆ ಅಂತ ಹೇಳಲು ಆಗದಿದ್ದರೆ, ಅವರ ಪಾಲಿಗೆ ಅದು ಇನ್ನೊಂದು ಹೊರೆ ಅಷ್ಟೇ.

ಗಡಿ ಕಡೆ ಕೆಲಸ ಮಾಡುವವರಿಗೆ ಮರಾಠಿ ಬೇಕು. ವಿಜಯಪುರದಲ್ಲಿ ದಖ್ಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಸ್ವಲ್ಪ ತಿಳಿದರೂ ಒಳ್ಳೆಯದು. 112ಕ್ಕೆ ಕರೆ ಮಾಡುವವರು ಗಾಬರಿಯಲ್ಲಿ ತಮ್ಮ ಮನೆಮಾತನ್ನೇ ಆಡುತ್ತಾರೆ. ಇದು ಸಾಫ್ಟ್‌ವೇರ್ ಮಾಡುವವರಿಗೆ ಹೊಳೆಯುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಿಮಗೆ ಹೊಳೆಯುತ್ತದೆ.

ಹೆಜ್ಜೆ 8: ಮೊದಲ ಅರ್ಜಿ

ಓದುತ್ತಿರುವವರಾದರೆ ಇಂಟರ್ನ್‌ಶಿಪ್ಪನ್ನು ಬಳಸಿಕೊಳ್ಳಿ. ವಿಟಿಯು ಬೆಳಗಾವಿಯಲ್ಲೇ ಇದೆ, ಅದರ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್, ಕೊನೆಯ ವರ್ಷದ ಪ್ರಾಜೆಕ್ಟ್ ಎರಡೂ ಇರುತ್ತವೆ. ಪ್ರಾಂಶುಪಾಲರ ಮೂಲಕ ಎಸ್‌ಪಿಯವರಿಗೆ, ಬೆಳಗಾವಿ ನಗರವಾದರೆ ಪೊಲೀಸ್ ಕಮಿಷನರ್‌ಗೆ ಪತ್ರ ಬರೆಯಿರಿ. 'ನಿಮ್ಮ ಇಲಾಖೆಯಲ್ಲಿ ಏನಾದರೂ ಕಲಿಯಬೇಕು' ಅಂತ ಬರೆದರೆ ಉತ್ತರ ಬರುವುದಿಲ್ಲ. 'ಚನ್ನಮ್ಮ ಸರ್ಕಲ್‌ನಲ್ಲಿ ಸಂಜೆ 5ರಿಂದ 8ರವರೆಗೆ ಸಿಗ್ನಲ್ ಸಮಯ ಅಳೆದು ವರದಿ ಕೊಡುತ್ತೇವೆ, ಆರು ವಾರ, ನಾಲ್ಕು ವಿದ್ಯಾರ್ಥಿಗಳು, ಯಾರ ವೈಯಕ್ತಿಕ ಮಾಹಿತಿಯೂ ಬೇಡ' ಅಂತ ಬರೆದರೆ ಓದುತ್ತಾರೆ. ಆ ಕೊನೆಯ ಸಾಲು ಬಹಳ ಮುಖ್ಯ. ಕೇಸಿನ ವಿವರ, ದೂರುದಾರರ ಹೆಸರು, ವಿಡಿಯೋ ತುಣುಕು ಇವನ್ನು ಕೇಳಲೂ ಬಾರದು. ಕಂಡರೆ ಫೋನಿನಲ್ಲಿ ಫೋಟೋ ತೆಗೆಯಬಾರದು, ಮನೆಯಲ್ಲೂ ಹೇಳಬಾರದು.

ಕಂಪನಿಯ ಸಂದರ್ಶನಕ್ಕೆ ಹೋಗುವಾಗ ಆ ಜಾತ್ರೆಯ ಹಾಳೆ, ಒಂದು ಟೆಂಡರ್ ಓದಿ ಮಾಡಿದ ಟಿಪ್ಪಣಿ, ಒಂದು ಲೆಕ್ಕದ ಹಾಳೆ, ಈ ಮೂರನ್ನು ಕೈಯಲ್ಲಿಟ್ಟುಕೊಳ್ಳಿ. ಹೊರಗುತ್ತಿಗೆ ಕೆಲಸವಾದರೆ ಸೇರುವ ಮೊದಲು ಸ್ಪಷ್ಟವಾಗಿ ಕೇಳಿ: ಒಪ್ಪಂದ ಎಷ್ಟು ತಿಂಗಳು, ಪಿಎಫ್, ಇಎಸ್‌ಐ ಕಟ್ಟುತ್ತಾರಾ, ಸಂಬಳ ಕೊಡುವುದು ಯಾರು. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಬಹುದು. ಅದಕ್ಕೇ ವಯಸ್ಸು ಇರುವಾಗಲೇ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳನ್ನೂ ಬರೆಯುತ್ತಿರಿ ಅಂತ ನನ್ನ ಜೊತೆ ಕೆಲಸ ಮಾಡಿದ ತಮ್ಮಂದಿರಿಗೆ, ತಂಗಿಯರಿಗೆ ಯಾವಾಗಲೂ ಹೇಳುತ್ತೇನೆ.

ಕಮಿಷನ್ ಮಾತು ಒಂದಲ್ಲ ಒಂದು ದಿನ ಬರುತ್ತದೆ. ಒಂದು ಬ್ರಾಂಡಿಗೆ ಮಾತ್ರ ಹೊಂದುವ ಹಾಗೆ ಸ್ಪೆಸಿಫಿಕೇಷನ್ ಬರೆದುಕೊಡಿ ಅನ್ನುತ್ತಾರೆ, ಮದುವೆಗೆ ಅಂತ ಲಕೋಟೆ ಕಳಿಸುತ್ತಾರೆ. ತೆಗೆದುಕೊಳ್ಳಬೇಡಿ. ನೀವು ಬರೆದ ಪ್ರತಿ ಸಾಲನ್ನೂ ಆಡಿಟ್‌ನವರು ಓದಬಹುದು, ಲೋಕಾಯುಕ್ತ ಓದಬಹುದು, ಮಾಹಿತಿ ಹಕ್ಕಿನಲ್ಲಿ ನಿಮ್ಮೂರಿನವರೇ ಓದಬಹುದು.

ಈಗಾಗಲೇ ಇಲಾಖೆಯಲ್ಲಿ ಇರುವವರಿಗೆ

ಕಾನ್ಸ್‌ಟೇಬಲ್ ಆಗಿದ್ದುಕೊಂಡೇ ಈ ಕಡೆ ಬರಬೇಕು ಅನ್ನುವವರು ಮೊದಲು ತಮ್ಮ ಠಾಣೆಯಲ್ಲೇ ಒಂದು ಸಣ್ಣ ಕೆಲಸ ಹಿಡಿಯಿರಿ. ಜಪ್ತಿ ಮಾಡಿ ನಿಲ್ಲಿಸಿದ ಗಾಡಿಗಳಿಂದ ಶುರು ಮಾಡಬಹುದು. ಎಷ್ಟು ಗಾಡಿ, ಯಾವ ಕೇಸು, ಕೋರ್ಟಿನಿಂದ ವಿಲೇವಾರಿ ಆದೇಶ ಬಂದದ್ದು ಯಾವುದು, ಬರದದ್ದು ಯಾವುದು ಅಂತ ಪಟ್ಟಿ ಮಾಡಿ, ಮೇಲಧಿಕಾರಿಗಳ ಒಪ್ಪಿಗೆಯಿಂದ ಆರು ತಿಂಗಳಲ್ಲಿ ಆವರಣ ಖಾಲಿ ಮಾಡಿಸಿ. ಮೊದಲಿನ ಫೋಟೋ, ಆಮೇಲಿನ ಫೋಟೋ ಇಟ್ಟುಕೊಳ್ಳಿ. ಮುಂದಿನ ಓದಿಗೆ ಇಲಾಖೆಯ ಅನುಮತಿ ಪತ್ರ ಮೊದಲೇ ಪಡೆಯಿರಿ. ಸರ್ಕಾರಿ ನೌಕರರಿಗಾಗಿ ಇರುವ ಐಗಾಟ್ ಕರ್ಮಯೋಗಿ ಪೋರ್ಟಲ್‌ನ ಪಾಠಗಳನ್ನು ಮುಗಿಸಿ. ಆಮೇಲೆ ಕಂಪ್ಯೂಟರ್ ವಿಂಗ್‌ಗೋ ಜಿಲ್ಲಾ ಕಂಟ್ರೋಲ್ ರೂಮಿಗೋ ಹೋಗಲು ಮನವಿ ಕೊಡುವಾಗ ಆ ಆರು ತಿಂಗಳ ಪಟ್ಟಿಯನ್ನು ಲಗತ್ತಿಸಿ. ಖಾಲಿಯಾದ ಜಾಗದಲ್ಲಿ ಈಗ ಏನಿದೆ ಅಂತ ಒಂದು ಸಾಲು ಬರೆಯಿರಿ: ದೂರು ಕೊಡಲು ಬಂದವರು ಕೂರಲು ಬೆಂಚು ಹಾಕಿಸಿದ್ದರೆ, ಅದನ್ನೇ ಬರೆಯಿರಿ.